ಮಾಡಿದ ಕೆಲಸವನ್ನು ತೋರಿಸುವುದು ಹೇಗೆ? ವಿನ್ಯಾಸಕರ ಪ್ರಶ್ನೆಗಳಿಗೆ ಉತ್ತರ

ಗ್ರಾಫಿಕ್ ಮತ್ತು ವೆಬ್ ವಿನ್ಯಾಸದ ಬಗ್ಗೆ ಶಿವಮೊಗ್ಗ ಜಿಲ್ಲೆಯ ಓದುಗರಿಂದ ಬಂದಿರುವ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ಹಳೆಯ ಕೆಲಸಗಳ ಕುರಿತಾಗಿವೆ. ಅವುಗಳನ್ನು ಹೇಗೆ ಆರಿಸಬೇಕು, ಎಲ್ಲಿ ಇಡಬೇಕು, ಯಾರ ಹೆಸರಿನಲ್ಲಿ ತೋರಿಸಬೇಕು ಎಂಬ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕುಗೊಳಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ಡಿಟಿಪಿ ಕೇಂದ್ರವೊಂದರಲ್ಲಿ ಕೆಲಸ ಕಲಿತು ಈಗ ಕೆಲವು ವರ್ಷಗಳಿಂದ ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆಗಳು, ನಾಟಕದ ಪೋಸ್ಟರ್‌ಗಳು, ಅಪ್ಪೆಮಿಡಿ ಉಪ್ಪಿನಕಾಯಿಯ ಲೇಬಲ್, ಸಹಕಾರ ಸಂಘದ ವಾರ್ಷಿಕ ವರದಿ, ಹೋಂಸ್ಟೇಗಳ ವೆಬ್‌ಸೈಟ್ ಹೀಗೆ ನೂರಾರು ಕೆಲಸಗಳಾಗಿವೆ. ಬೆಂಗಳೂರಿನ ಸಂಸ್ಥೆಯೊಂದು ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ಕಳುಹಿಸಲು ಹೇಳಿದೆ. ಎಲ್ಲವನ್ನೂ ಸೇರಿಸಬೇಕೇ? ನಮ್ಮೂರಿನ ಇಂಥ ಸಣ್ಣ ಕೆಲಸಗಳನ್ನು ಅವರು ಗಣನೆಗೆ ತೆಗೆದುಕೊಳ್ಳುತ್ತಾರೆಯೇ? (ಸಾಗರದಿಂದ)

ಉತ್ತರ: ಎಲ್ಲವನ್ನೂ ಸೇರಿಸಬೇಡಿ. ಎಂಟು ಹತ್ತು ಕೆಲಸಗಳು ಸಾಕು. ಆಯ್ಕೆ ಮಾಡುವವರು ಒಬ್ಬೊಬ್ಬರ ಸಂಗ್ರಹಕ್ಕೆ ಕೊಡುವುದು ಕೆಲವೇ ನಿಮಿಷ. ಆ ಅವಧಿಯಲ್ಲಿ ಅವರ ಕಣ್ಣಿಗೆ ನಿಮ್ಮ ಸಾಧಾರಣ ಕೆಲಸವೊಂದು ಮೊದಲು ಬಿದ್ದರೆ ಒಳ್ಳೆಯದನ್ನು ಹುಡುಕುವ ತಾಳ್ಮೆ ಅವರಿಗೆ ಉಳಿಯುವುದಿಲ್ಲ. ಕೆಲಸ ಸಣ್ಣ ಊರಿನದು ಎಂಬ ಅಳುಕಂತೂ ಬೇಡವೇ ಬೇಡ. ಚಿತ್ರವನ್ನು ಮಾತ್ರ ಮುಂದಿಟ್ಟರೆ ನೋಡಿದವರು ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎನ್ನಬಹುದಷ್ಟೇ. ಆ ಕೆಲಸವನ್ನು ಯಾರು ಕೇಳಿದರು, ಏನು ತೊಡಕಿತ್ತು, ನೀವು ಯಾವ ದಾರಿಯನ್ನು ಬಿಟ್ಟು ಯಾವುದನ್ನು ಹಿಡಿದಿರಿ ಎಂಬುದು ಜೊತೆಯಲ್ಲಿದ್ದಾಗ ಮಾತ್ರ ನಿಮ್ಮ ವಿವೇಚನೆ ಅವರಿಗೆ ಕಾಣುತ್ತದೆ, ಮತ್ತು ಅವರು ಸಂಬಳ ಕೊಡಲು ಹೊರಟಿರುವುದು ಆ ವಿವೇಚನೆಗೇ.

ನಿಮ್ಮ ಪಟ್ಟಿಯಲ್ಲಿರುವ ಉಪ್ಪಿನಕಾಯಿ ಲೇಬಲ್ಲನ್ನೇ ನೋಡೋಣ. ದುಂಡನೆಯ ಬಾಟಲಿಯನ್ನು ಎದುರಿನಿಂದ ನೋಡಿದರೆ ಲೇಬಲ್ಲಿನ ಮೂರರಲ್ಲೊಂದು ಭಾಗವಷ್ಟೇ ನೇರವಾಗಿ ಕಾಣುತ್ತದೆ, ಉಳಿದದ್ದು ಬದಿಗೆ ಬಾಗಿಹೋಗುತ್ತದೆ. ಆದ್ದರಿಂದ ಹೆಸರು ಆ ಕಿರಿದಾದ ಜಾಗದೊಳಗೇ ಕೂರಬೇಕು. ಅಷ್ಟರಲ್ಲೇ ಕಾನೂನು ಕೇಳುವ ವಿವರಗಳಿಗೂ ಜಾಗ ಒದಗಿಸಬೇಕು: ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಗಳ ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ತಯಾರಕರ ವಿಳಾಸ. ಉಪ್ಪಿನಕಾಯಿಯ ಎಣ್ಣೆ ಮುಚ್ಚಳದ ಅಂಚಿನಿಂದ ಜಿನುಗುವುದು ತಪ್ಪದ ಕಾರಣ ಬರಿಯ ಕಾಗದದ ಲೇಬಲ್ ಕೆಲವೇ ದಿನಗಳಲ್ಲಿ ಕಲೆಗಟ್ಟುತ್ತದೆ, ಲ್ಯಾಮಿನೇಷನ್ ಮಾಡಿದ ಸ್ಟಿಕ್ಕರ್ ಆದರೆ ಖರ್ಚು ಹೆಚ್ಚುತ್ತದೆ. ಇನ್ನು ‘ಉಪ್ಪಿನಕಾಯಿ’ ಎಂದು ಬರೆದಾಗ ಪಕಾರದ ಒತ್ತು ಕೆಳಗೆ ಇಳಿಯುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿನ ಅಳತೆಗೆ ಬಿಟ್ಟರೆ ಆ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾಲ್ಕು ಬಣ್ಣ ಕೂಡಿಸಿ ಮುದ್ರಿಸಿದ ಕಡುಗೆಂಪು ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಕನ್ನಡ ಅಕ್ಷರಗಳನ್ನು ಇಟ್ಟರಂತೂ ಮೆಷಿನ್ನಿನಲ್ಲಿ ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರದ ಸೊನ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಇವುಗಳಲ್ಲಿ ಯಾವ ಯಾವ ತೊಡಕು ನಿಮಗೆ ಎದುರಾಯಿತು, ಪ್ರತಿಯೊಂದಕ್ಕೂ ಏನು ಮಾಡಿದಿರಿ ಎಂದು ಆರೇಳು ವಾಕ್ಯಗಳಲ್ಲಿ ಬರೆದು ಲೇಬಲ್ಲಿನ ಕೆಳಗೆ ಕೊಡಿ. ದೊಡ್ಡ ಕಂಪನಿಯ ಲೋಗೊ ಮಾಡಿದವರ ಪುಟಕ್ಕಿಂತ ಆ ಪುಟ ಹೆಚ್ಚು ಹೊತ್ತು ಓದಿಸಿಕೊಳ್ಳುತ್ತದೆ ಎಂದು ನಾನು ನಂಬಿದ್ದೇನೆ.

ಅದನ್ನು ತೋರಿಸುವಾಗ ಸಿದ್ಧ ಮಾಕಪ್‌ಗಳಲ್ಲಿ, ಅಂದರೆ ವಿನ್ಯಾಸ ಅಂಟಿಸಲೆಂದೇ ಸಿಗುವ ವಸ್ತುಗಳ ಚಿತ್ರಗಳಲ್ಲಿ, ನಿಮ್ಮ ಲೇಬಲ್ಲನ್ನು ಕೂರಿಸಬೇಡಿ. ಯಾವುದೋ ದೇಶದ ಹೊಳೆಯುವ ಗಾಜಿನ ಬಾಟಲಿಯ ಮೇಲೆ ಅಪ್ಪೆಮಿಡಿಯ ಹೆಸರು ಅಂಟಿಕೊಂಡಿರುವುದು ನೋಡುವವರಿಗೆ ತಕ್ಷಣ ತಿಳಿಯುತ್ತದೆ. ಅಂಗಡಿಯ ಕಪಾಟಿನಲ್ಲಿ ಬೇರೆ ಬಾಟಲಿಗಳ ನಡುವೆ ನಿಮ್ಮದು ನಿಂತಿರುವ ಒಂದು ಫೋಟೊ, ಕೈಯಲ್ಲಿ ಹಿಡಿದ ಒಂದು ಫೋಟೊ ಇಷ್ಟಿದ್ದರೆ ಸಾಕು. ಮಳೆಗಾಲದ ಮೋಡ ಕವಿದ ಹಗಲಿನಲ್ಲಿ ಕಿಟಕಿಯ ಪಕ್ಕ ಇಟ್ಟು ತೆಗೆದರೆ ನೆರಳು ಕಡುವಾಗುವುದಿಲ್ಲ, ಲ್ಯಾಮಿನೇಷನ್ ಮೇಲೆ ಬೆಳಕು ಹೊಳೆದು ಅಕ್ಷರ ಮರೆಯಾಗುವುದೂ ಇಲ್ಲ.

ವೆಬ್‌ಸೈಟ್‌ಗಳ ವಿಷಯದಲ್ಲಿ ಮೊದಲ ಪುಟದ ಚಿತ್ರ ಸಾಲದು. ಕೊಡಚಾದ್ರಿ, ಆಗುಂಬೆ ಕಡೆಯ ಹೋಂಸ್ಟೇಗೆ ಬರುವ ಅತಿಥಿ ದಾರಿಯಲ್ಲಿ ಎಲ್ಲೋ ಒಂದು ಕಡೆ ನೆಟ್‌ವರ್ಕ್ ಕಳೆದುಕೊಳ್ಳುತ್ತಾನೆ. ಆದ್ದರಿಂದ ಅಲ್ಲಿನ ವೆಬ್‌ಸೈಟಿಗೆ ಬೇಕಾದದ್ದು ಮೇಲಿನಿಂದ ಇಳಿದು ಬರುವ ಅನಿಮೇಷನ್ ಅಲ್ಲ. ತೆರೆದ ಕೂಡಲೇ ಒತ್ತಬಹುದಾದ ಫೋನ್ ಸಂಖ್ಯೆ, ಊರಿನಿಂದ ಮನೆಯವರೆಗಿನ ತಿರುವುಗಳನ್ನು ಬರೆದಿರುವ ಮತ್ತು ಮೊಬೈಲಿನಲ್ಲಿ ಉಳಿಸಿಕೊಳ್ಳಬಹುದಾದ ದಾರಿಪಟ, ಹಾಗೂ ನಿಧಾನದ ಸಂಪರ್ಕದಲ್ಲೂ ಬಿಚ್ಚಿಕೊಳ್ಳುವ ಹಗುರ ಪುಟ. ಮೊಬೈಲ್ ಕ್ಯಾಮೆರಾದ ಫೋಟೊ ಒಂದೊಂದೇ 4-5 ಎಂಬಿ ಇರುತ್ತದೆ. ಅದನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200 ಕೆಬಿಯ ಒಳಗೆ ಬರುತ್ತದೆ. ನೀವು ಹೀಗೆ ಏನಾದರೂ ಮಾಡಿದ್ದರೆ ಮೊದಲಿನ ಪುಟದ ತೂಕ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ದಾಖಲಿಸಿ. ಕನ್ನಡ ಪಠ್ಯಕ್ಕೆ ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಟ್ಟಿದ್ದರೆ ಅದನ್ನೂ ಬರೆಯಿರಿ. ‘ಲಕ್ಷ್ಮಿ’, ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬರುತ್ತದೆ ಎಂಬ ಅರಿವಿರುವ ವೆಬ್ ವಿನ್ಯಾಸಕರು ಇನ್ನೂ ಕಡಿಮೆ.

ಸಹಕಾರ ಸಂಘದ ವಾರ್ಷಿಕ ವರದಿಯನ್ನು ಖಂಡಿತ ಸೇರಿಸಿ. ಹಲವರು ಇದನ್ನು ನೀರಸ ಕೆಲಸವೆಂದು ಬಿಟ್ಟುಬಿಡುತ್ತಾರೆ. ಜಮಾ ಖರ್ಚಿನ ಕೋಷ್ಟಕದಲ್ಲಿ ಅಂಕಿಗಳು ಬಲಕ್ಕೆ ಸಾಲಾಗಿ ನಿಲ್ಲುವಂತೆ ಮಾಡುವುದು, ಉದ್ದನೆಯ ಕನ್ನಡ ಶೀರ್ಷಿಕೆ ಕಿರಿದಾದ ಅಂಕಣದಲ್ಲಿ ಅಡ್ಡಾದಿಡ್ಡಿಯಾಗಿ ಮುರಿಯದಂತೆ ನೋಡಿಕೊಳ್ಳುವುದು, ಸಭೆಯಲ್ಲಿ ಕೂತ ವಯಸ್ಸಾದ ಸದಸ್ಯರಿಗೂ ಓದಲು ಬರುವಷ್ಟು ಅಕ್ಷರ ದೊಡ್ಡದಿಡುವುದು, ಇದೆಲ್ಲ ಪೋಸ್ಟರ್ ಮಾಡುವುದಕ್ಕಿಂತ ಕಷ್ಟದ್ದು. ಒಬ್ಬ ವಿನ್ಯಾಸಕನ ಕೈ ಎಷ್ಟು ಪಳಗಿದೆ ಎಂದು ತಿಳಿಯಬೇಕಾದರೆ ನಾನು ಮೊದಲು ನೋಡುವುದು ಅವರ ಕೋಷ್ಟಕಗಳನ್ನು. ಲಗ್ನಪತ್ರಿಕೆಗಳಲ್ಲಿ ಒಂದೇ ಒಂದನ್ನು ಆರಿಸಿ, ಅದರಲ್ಲಿರುವ ಮನೆಯವರ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಮರೆಮಾಡಿ.

ಕೊನೆಯದಾಗಿ, ಪ್ರತಿ ಕೆಲಸದ ಜೊತೆ ನಿಮ್ಮ ಪಾಲು ಎಷ್ಟು ಎಂಬುದನ್ನು ಸ್ಪಷ್ಟವಾಗಿ ಹೇಳಿ. ನಾಟಕದ ಪೋಸ್ಟರಿನ ರೇಖಾಚಿತ್ರ ಬೇರೆ ಕಲಾವಿದರದ್ದು, ಅಕ್ಷರ ವಿನ್ಯಾಸ ಮತ್ತು ಲೇಔಟ್ ನಿಮ್ಮದು ಎಂದಿದ್ದರೆ ಹಾಗೆಯೇ ಬರೆಯಬೇಕು. ಸ್ಕ್ರೀನ್ ಪ್ರಿಂಟಿಂಗ್ ಮಾಡಿದ ಪ್ರೆಸ್ಸಿನವರನ್ನೂ ಹೆಸರಿಸಿ; ಎರಡೇ ಬಣ್ಣದಲ್ಲಿ ಪೋಸ್ಟರ್ ಸೊಗಸಾಗಿ ಬಂದಿದ್ದರೆ ಅದರಲ್ಲಿ ಅವರ ಕೈಯೂ ಇದೆ.

ಪ್ರಶ್ನೆ: ವಿನ್ಯಾಸಕರು ಕೆಲಸ ತೋರಿಸುವ ಬಿಹ್ಯಾನ್ಸ್ ಜಾಲತಾಣದಲ್ಲಿ ಪುಟವಿದ್ದರೆ ಸಾಲದೇ? ಸ್ವಂತ ವೆಬ್‌ಸೈಟ್ ಬೇಕೇಬೇಕೇ? (ಭದ್ರಾವತಿಯಿಂದ)

ಉತ್ತರ: ಎರಡೂ ಇರಲಿ, ಆದರೆ ಮೂಲಪ್ರತಿ ನಿಮ್ಮ ಜಾಗದಲ್ಲಿರಲಿ. ಬಿಹ್ಯಾನ್ಸ್ 2012ರಿಂದ ಅಡೋಬಿ ಕಂಪನಿಯ ಕೈಯಲ್ಲಿದೆ. ನಾಳೆ ಅದರ ನಿಯಮ, ರೂಪ ಯಾವುದು ಬದಲಾದರೂ ನಿಮ್ಮನ್ನು ಕೇಳುವವರಿಲ್ಲ. ಡೊಮೇನ್ ಹೆಸರನ್ನು ನಿಮ್ಮ ಸ್ವಂತ ಖಾತೆಯಲ್ಲೇ ನೋಂದಾಯಿಸಿ, ವೆಬ್‌ಸೈಟ್ ಮಾಡಿಕೊಟ್ಟ ಗೆಳೆಯರ ಖಾತೆಯಲ್ಲಿ ಬೇಡ. ಕೆಲಸದ ವಿವರಣೆಯನ್ನು ಚಿತ್ರದೊಳಗೆ ಅಕ್ಷರವಾಗಿ ಕೂರಿಸದೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯೂನಿಕೋಡ್ ಪಠ್ಯವಾಗಿಯೇ ಬರೆಯಿರಿ. ಆಗಷ್ಟೇ ಅದು ಗೂಗಲ್‌ನಲ್ಲಿ ಸಿಗುತ್ತದೆ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಹಿನ್ನೆಲೆ ಮತ್ತು ಅಕ್ಷರದ ಬಣ್ಣಗಳ ನಡುವಿನ ಕಾಂಟ್ರಾಸ್ಟ್ ಸಾಮಾನ್ಯ ಗಾತ್ರದ ಪಠ್ಯಕ್ಕೆ ಕನಿಷ್ಠ 4.5:1 ಇರಬೇಕೆಂಬುದು ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಅಳತೆ. ಬೇರೆಯವರಿಗಾಗಿ ಪುಟ ಮಾಡುವಾಗ ಪಾಲಿಸುವ ಈ ನಿಯಮವನ್ನು ಸ್ವಂತ ಪುಟದಲ್ಲಿ ಮರೆಯಬೇಡಿ.

ಪ್ರಶ್ನೆ: ನಮ್ಮದು ಶಿವಮೊಗ್ಗದಲ್ಲಿ ಹಳೆಯ ಪ್ರಿಂಟಿಂಗ್ ಪ್ರೆಸ್. ಪುಟವಿನ್ಯಾಸದ ಪೇಜ್‌ಮೇಕರ್, ಚಿತ್ರವಿನ್ಯಾಸದ ಕೋರೆಲ್‌ಡ್ರಾ ತಂತ್ರಾಂಶಗಳ ಫೈಲುಗಳು, ನುಡಿ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಪುಸ್ತಕಗಳು, ಫ್ಲ್ಯಾಶ್‌ನಲ್ಲಿ ಮಾಡಿದ ವೆಬ್‌ಸೈಟ್ ಎಲ್ಲವೂ ಸಿಡಿಗಳಲ್ಲಿವೆ. ಕೆಲವು ಸಿಡಿಗಳಿಗೆ ಬೂಷ್ಟು ಬಂದಿದೆ. ತಂದೆಯವರ ಕಾಲದ ಕೆಲಸಗಳನ್ನು ಒಟ್ಟುಮಾಡಿ ಒಂದು ಸಂಗ್ರಹ ಮಾಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ? (ಶಿವಮೊಗ್ಗ, ದುರ್ಗಿಗುಡಿಯಿಂದ)

ಉತ್ತರ: ನಿಮ್ಮ ಆಸೆ ದೊಡ್ಡದು ಮತ್ತು ತುರ್ತಿನದು. ಒಂದು ಊರು ಹೇಗೆ ಮಾತನಾಡಿತು, ಏನು ಮಾರಿತು, ಯಾವ ನಾಟಕ ನೋಡಿತು ಎಂಬುದರ ದಾಖಲೆ ಪ್ರೆಸ್ಸುಗಳ ಅಟ್ಟದ ಮೇಲಿರುವಷ್ಟು ಬೇರೆಲ್ಲೂ ಇರುವುದಿಲ್ಲ. ಆದ್ದರಿಂದ ವಿನ್ಯಾಸದ ಅಂದಚಂದದ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು ಮೊದಲು ಸಿಡಿಗಳನ್ನು ಬಿಡಿಸಿಕೊಳ್ಳಿ. ಬೂಷ್ಟು ಬಂದ ಸಿಡಿಯನ್ನು ಸ್ವಚ್ಛ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಿದರೆ ಬೀಳುವ ಗೀರು ದತ್ತಾಂಶದ ಸಾಲಿನಗುಂಟ ಬಿದ್ದು ಓದಲು ಆಗದಂತಾಗುತ್ತದೆ. ಫೈಲುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಮೂರು ಪ್ರತಿ ಇಡಿ, ಅವುಗಳಲ್ಲಿ ಒಂದು ಪ್ರೆಸ್ಸಿನಿಂದ ಹೊರಗೆ, ಸಾಧ್ಯವಾದರೆ ಕ್ಲೌಡ್‌ನಲ್ಲಿರಲಿ. ಡಿಸ್ಕುಗಳನ್ನು ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಮಳೆಗಾಲ ಮುಗಿದ ಮೇಲೊಮ್ಮೆ ತೆಗೆದು ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಿಸಿ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರ ಫೈಲುಗಳನ್ನು ಅಡೋಬಿಯದೇ ಇನ್ನೊಂದು ಪುಟವಿನ್ಯಾಸ ತಂತ್ರಾಂಶವಾದ ಇನ್‌ಡಿಸೈನ್‌ನ ಸಿಎಸ್6 ಆವೃತ್ತಿ ತೆರೆಯುತ್ತದೆ, ಅನಂತರದ ಸಿಸಿ ಆವೃತ್ತಿಗಳು ತೆರೆಯುವುದಿಲ್ಲ. ಆದ್ದರಿಂದ ಪ್ರೆಸ್ಸಿನಲ್ಲಿ ಪೇಜ್‌ಮೇಕರ್ ಇರುವ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಪ್ರತಿ ಫೈಲಿನ ಪಿಡಿಎಫ್ ತೆಗೆಯಿರಿ, ಆಗ ಅಕ್ಷರಗಳೂ ಅದರೊಳಗೆ ಅಡಕವಾಗುತ್ತವೆ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯ ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತಾದರೂ ಪೇಜ್‌ಮೇಕರ್, ಹಳೆಯ ಕೋರೆಲ್, ಹಳೆಯ ಫೋಟೊಶಾಪ್‌ಗಳಲ್ಲಿ ಯೂನಿಕೋಡ್ ಕನ್ನಡದ ಒತ್ತು ಗುಣಿತಗಳು ಸರಿಯಾಗಿ ಕೂಡುತ್ತಿರಲಿಲ್ಲ. ಮುದ್ರಣದವರು ಬಹುಕಾಲ ಹಳೆಯ ಫಾಂಟುಗಳಲ್ಲೇ ಉಳಿದದ್ದಕ್ಕೆ ಅದೇ ಮುಖ್ಯ ಕಾರಣ. ಪರಿವರ್ತಕಗಳಿಂದ ಪಠ್ಯವನ್ನು ಯೂನಿಕೋಡ್‌ಗೆ ತರಬಹುದು, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದರಿಂದ ಪ್ರೂಫ್ ನೋಡದೆ ಪ್ರಕಟಿಸಬೇಡಿ. ಮೂಲ ಫಾಂಟ್ ಫೈಲುಗಳನ್ನೂ ಕೆಲಸದ ಜೊತೆಗೇ ಉಳಿಸಿಡಿ.

ಬ್ರೌಸರಿನಲ್ಲಿ ಫ್ಲ್ಯಾಶ್ ಫೈಲುಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ 2020ರ ಡಿಸೆಂಬರ್ 31ಕ್ಕೆ ಬೆಂಬಲ ನಿಲ್ಲಿಸಿತು, ಮರು ತಿಂಗಳ 12ರಿಂದ ಅದು ಯಾವ ಬ್ರೌಸರಿನಲ್ಲೂ ಓಡುತ್ತಿಲ್ಲ. ರಫಲ್ ಎಂಬ ಉಚಿತ ತಂತ್ರಾಂಶ ಹಳೆಯ ಫ್ಲ್ಯಾಶ್ ಫೈಲುಗಳಲ್ಲಿ ಅನೇಕವನ್ನು ಓಡಿಸುತ್ತದೆ. ಓಡಿದಾಗ ಪರದೆಯನ್ನು ವಿಡಿಯೊ ಮಾಡಿಕೊಂಡು ಆ ವಿಡಿಯೊವನ್ನೇ ಸಂಗ್ರಹದಲ್ಲಿ ತೋರಿಸಿ. ಫೈಲೇ ಸಿಗದ ವೆಬ್‌ಸೈಟ್‌ಗಳಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಹಳೆಯ ವಿಳಾಸ ಕೊಟ್ಟು ನೋಡಿ. 1996ರಿಂದಲೂ ಅವರು ಪುಟಗಳನ್ನು ಕಾದಿರಿಸುತ್ತ ಬಂದಿದ್ದಾರೆ. ಚಿತ್ರಗಳು ಬಿಟ್ಟುಹೋಗಿದ್ದರೂ ಪಠ್ಯ ಮತ್ತು ರಚನೆ ಸಿಗುವ ಸಾಧ್ಯತೆಯಿದೆ.

ತಾರೀಕು ಬರೆಯದ ಕೆಲಸಗಳ ಕಾಲವನ್ನು ಗೊತ್ತುಮಾಡಲು ಫೈಲಿನ ದಿನಾಂಕವನ್ನು ಪೂರ್ತಿ ನಂಬಬೇಡಿ, ಒಮ್ಮೆ ತೆರೆದು ಉಳಿಸಿದರೂ ಅದು ಬದಲಾಗುತ್ತದೆ. ಕೆಲಸದೊಳಗೇ ಸಾಕ್ಷಿಗಳಿರುತ್ತವೆ. ಬಿಲ್‌ಬುಕ್‌ನಲ್ಲಿ ಜಿಎಸ್‌ಟಿ ಸಂಖ್ಯೆಯಿದ್ದರೆ ಅದು 2017ರ ಜುಲೈ 1ರ ಆಸುಪಾಸಿನದು ಅಥವಾ ಅನಂತರದ್ದು. ರೂಪಾಯಿಯ ಹೊಸ ಚಿಹ್ನೆಯಿದ್ದರೆ ಆ ಚಿಹ್ನೆ ಒಪ್ಪಿತವಾದ 2010ರ ಜುಲೈಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ Shimoga ಎಂಬುದರಿಂದ Shivamogga ಎಂದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ ಲೆಟರ್‌ಹೆಡ್‌ಗಳಲ್ಲಿ ಆ ಸಾಲನ್ನು ಗಮನಿಸಿ. ಇವೆಲ್ಲಕ್ಕಿಂತ ಮೊದಲು ನಿಮ್ಮ ತಂದೆಯವರು ಮತ್ತು ಅವರ ಕಾಲದ ಕೆಲಸಗಾರರು ಇದ್ದರೆ ಅವರ ಮುಂದೆ ಮುದ್ರಿತ ಪ್ರತಿಗಳನ್ನು ಹರಡಿ, ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಈ ಅಕ್ಷರ ಏಕೆ, ಈ ಬಣ್ಣ ಏಕೆ ಎಂಬುದು ಯಾವ ಸಿಡಿಯಲ್ಲೂ ಇಲ್ಲ.

ಪ್ರಶ್ನೆ: ಮಾನ್ಯರೇ, ನಾನು ಅಡಿಕೆ ಮತ್ತು ಕಾಳುಮೆಣಸಿನ ಸಣ್ಣ ವ್ಯಾಪಾರಿ. ನಮ್ಮ ಲೋಗೊ ಮತ್ತು ಪೊಟ್ಟಣದ ವಿನ್ಯಾಸಕ್ಕೆ ಪೂರ್ತಿ ಹಣ ಕೊಟ್ಟಿದ್ದೇನೆ. ವಿನ್ಯಾಸಕರು ಅದನ್ನು ತಮ್ಮ ಹಳೆಯ ಕೆಲಸವೆಂದು ಎಲ್ಲೆಡೆ ತೋರಿಸುತ್ತಿದ್ದಾರೆ, ಆದರೆ ಮೂಲ ಕೋರೆಲ್ ಫೈಲು ಕೇಳಿದರೆ ಕೊಡುತ್ತಿಲ್ಲ. ಹಣ ಕೊಟ್ಟ ಮೇಲೆ ಅದು ನನ್ನದಲ್ಲವೇ? (ತೀರ್ಥಹಳ್ಳಿಯಿಂದ)

ಉತ್ತರ: ನಿಮ್ಮ ಅಸಮಾಧಾನ ಸಹಜವಾದದ್ದು. ಆದರೆ ಹಣ ಕೊಟ್ಟ ಮಾತ್ರಕ್ಕೆ ಹಕ್ಕುಸ್ವಾಮ್ಯ ತಾನಾಗಿ ನಿಮಗೆ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಹಕ್ಕುದಾರರು ಅದನ್ನು ರಚಿಸಿದವರೇ. ಸಂಬಳದ ನೌಕರರು ಕೆಲಸದ ಭಾಗವಾಗಿ ಮಾಡಿದ್ದಾದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಹಕ್ಕು ಮಾಲೀಕರದ್ದಾಗುತ್ತದೆ. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರದಂಥ ಕೆಲವಕ್ಕೂ ಬೇರೆ ನಿಯಮವಿದೆ. ಸ್ವತಂತ್ರ ವಿನ್ಯಾಸಕರು ಮಾಡಿದ ಲೋಗೊ ಸಾಮಾನ್ಯವಾಗಿ ಈ ವಿನಾಯಿತಿಗಳ ಒಳಗೆ ಬರುವುದಿಲ್ಲ. ಹಕ್ಕು ನಿಮಗೆ ವರ್ಗವಾಗಬೇಕಾದರೆ 19ನೇ ಸೆಕ್ಷನ್ನಿನಂತೆ ಅದು ಬರವಣಿಗೆಯಲ್ಲಿದ್ದು ಹಕ್ಕುದಾರರ ಸಹಿ ಬಿದ್ದಿರಬೇಕು. ಆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿಯನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಪರಿಗಣಿಸುತ್ತದೆ. ನಿಮ್ಮ ಪೊಟ್ಟಣ ನಾಳೆ ಹೊರದೇಶಕ್ಕೂ ಹೋಗಬಹುದಾದ್ದರಿಂದ ಈ ಎರಡು ಸಾಲುಗಳನ್ನು ಮರೆಯದೆ ಬರೆಸಿಕೊಳ್ಳಬೇಕು.

ತೋರಿಸುವ ವಿಷಯಕ್ಕೆ ಬಂದರೆ, ಹಕ್ಕು ವರ್ಗವಾದ ಮೇಲೂ ಈ ಕೃತಿ ನನ್ನದು ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ನಿನಂತೆ ರಚಿಸಿದವರಿಗೆ ಉಳಿಯುತ್ತದೆ. ಅವರು ನಿಮ್ಮ ಕೆಲಸವನ್ನು ತೋರಿಸುವುದರಿಂದ ನಿಮಗೆ ನಷ್ಟವಿಲ್ಲ, ನಿಮ್ಮ ಹೆಸರು ಇನ್ನಷ್ಟು ಜನರಿಗೆ ತಲುಪುತ್ತದೆ. ಮಾರುಕಟ್ಟೆಗೆ ಬರುವ ಮುಂಚೆ ತೋರಿಸಿದರೆ, ಅಥವಾ ನಿಮ್ಮ ಮಾರಾಟದ ಲೆಕ್ಕದಂಥ ಒಳವಿಷಯ ಬರೆದರೆ ಮಾತ್ರ ಆಕ್ಷೇಪಿಸಿ.

ಮೂಲ ಫೈಲಿನ ಪ್ರಶ್ನೆ ಒಪ್ಪಂದಕ್ಕೆ ಬಿಟ್ಟದ್ದು. ಕಾಗದದಲ್ಲಿ ಬರೆದಿಲ್ಲವಾದರೆ ಕೂತು ಮಾತನಾಡುವುದೇ ದಾರಿ. ನನ್ನ ಸ್ವಂತ ನಿಲುವು ಕೇಳುವುದಾದರೆ ಲೋಗೊದ ಮೂಲ ಫೈಲನ್ನು ಗ್ರಾಹಕರಿಗೆ ಕೊಡಲೇಬೇಕು, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟ್ ಇಲ್ಲದೆಯೂ ಕಾಣುವ ಗೆರೆಗಳಿಗೆ, ಬದಲಿಸಿದ ಪಿಡಿಎಫ್ ಸಹಿತ. ಇಂದು ತೀರ್ಥಹಳ್ಳಿಯಲ್ಲಿ ಬೋರ್ಡ್ ಬರೆಸಿದವರು ನಾಳೆ ಶಿವಮೊಗ್ಗದಲ್ಲಿ ಪೊಟ್ಟಣ ಮುದ್ರಿಸಬೇಕಾಗುತ್ತದೆ. ಪ್ರತಿ ಸಲವೂ ವಿನ್ಯಾಸಕರ ಬಾಗಿಲಿಗೆ ಹೋಗಬೇಕೆಂದರೆ ಕೊನೆಗೆ ಯಾರೋ ವಾಟ್ಸ್‌ಆಪ್ ಚಿತ್ರ ನೋಡಿ ಲೋಗೊವನ್ನು ತಪ್ಪಾಗಿ ಮತ್ತೆ ಬರೆಯುತ್ತಾರೆ, ಕೆಡುವುದು ಆ ವಿನ್ಯಾಸಕರ ಕೆಲಸವೇ. ಫೈಲಿಗೆ ಪ್ರತ್ಯೇಕ ಶುಲ್ಕ ಕೇಳುವುದು ತಪ್ಪಲ್ಲ, ಆದರೆ ಅದನ್ನು ಕೆಲಸ ಹಿಡಿಯುವ ದಿನವೇ ಹೇಳಬೇಕು. ಹೆಸರು ಮತ್ತು ಲೋಗೊವನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ನೋಂದಾಯಿಸುವ ಯೋಚನೆಯಿದ್ದರೆ ಹಕ್ಕು ವರ್ಗಾವಣೆಯ ಪತ್ರವನ್ನು ಮೊದಲು ಮಾಡಿಕೊಳ್ಳಿ, ವಕೀಲರಿಗೊಮ್ಮೆ ತೋರಿಸಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ, ಗ್ರಾಹಕರ ಕೆಲಸ ಇನ್ನೂ ಇಲ್ಲ. ಕಲಿಯುವಾಗ ಹಸೆ ಚಿತ್ತಾರವನ್ನು ಆಧರಿಸಿ ಚೀಲ, ಕ್ಯಾಲೆಂಡರ್ ಮತ್ತು ಒಂದು ವೆಬ್‌ಸೈಟ್ ವಿನ್ಯಾಸ ಮಾಡಿದ್ದೆ. ಎಲ್ಲರೂ ಮೆಚ್ಚಿದರು. ಅದನ್ನು ನನ್ನ ಸ್ವಂತ ಕೃತಿಯೆಂದು ಪೋರ್ಟ್‌ಫೋಲಿಯೊದಲ್ಲಿ ಮೊದಲಿಗೆ ಇಡಬಹುದೇ? (ಸೊರಬದಿಂದ)

ಉತ್ತರ: ಮೊದಲಿಗೇ ಇಡಿ. ಗ್ರಾಹಕರಿಲ್ಲದೆ ಮಾಡಿದ ಕೆಲಸ ಕೀಳಲ್ಲ, ಅದು ವಿದ್ಯಾರ್ಥಿಯಾಗಿದ್ದಾಗಿನ ಯೋಜನೆ ಎಂದು ಹೇಳಿದರೆ ಮುಗಿಯಿತು. ಆದರೆ ‘ಸ್ವಂತ ಕೃತಿ’ ಎಂಬಲ್ಲಿ ನಿಮ್ಮ ಪಾಲು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು.

ಹಸೆ ಚಿತ್ತಾರ ನಮ್ಮ ಸಾಗರ, ಸೊರಬ, ಹೊಸನಗರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ತಲೆಮಾರುಗಳಿಂದ ಮನೆಯ ಗೋಡೆಯ ಮೇಲೆ, ಮುಖ್ಯವಾಗಿ ಮದುವೆಯ ಸಂದರ್ಭದಲ್ಲಿ ಬರೆದುಕೊಂಡು ಬಂದದ್ದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಕರಿದಾಗಿಸಿದ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ ಇಷ್ಟೇ ಅದರ ಸಾಮಗ್ರಿ. ಭೂಮಿ ಹುಣ್ಣಿಮೆಯ ಹೊತ್ತಿಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಕೈ ಓಡುತ್ತದೆ. ಅಳತೆಪಟ್ಟಿಯಿಲ್ಲದೆ ಎಳೆಯ ಪಕ್ಕ ಎಳೆ ಕೂರಿಸುವ ಆ ಕೈಚಳಕವನ್ನು ನೀವು ಇಲಸ್ಟ್ರೇಟರ್ ತಂತ್ರಾಂಶದಲ್ಲಿ ಒಂದು ಗೆರೆ ಎಳೆದು ನೂರು ಬಾರಿ ನಕಲು ಮಾಡಿ ಸಾಧಿಸಿರುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಕೈಗೆರೆಯಲ್ಲಿ ಇರುವ ಸಣ್ಣ ಏರುಪೇರು ಅಲ್ಲಿ ಮಾಯವಾಗಿ ಚಿತ್ತಾರ ಟೈಲ್ಸ್‌ನಂತೆ ಕಾಣುವ ಅಪಾಯವಿದೆ. ಆ ಏರುಪೇರನ್ನು ಉಳಿಸಿಕೊಳ್ಳಲು ನೀವೇನಾದರೂ ಮಾಡಿದ್ದರೆ, ಉದಾಹರಣೆಗೆ ನಾರಿನ ಕುಂಚದಿಂದ ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿದ್ದರೆ, ಅದನ್ನು ದೊಡ್ಡದಾಗಿ ತೋರಿಸಿ.

ಜನಪದ ಕಲೆಯ ಆಕೃತಿಗಳಿಗೆ ಒಬ್ಬ ವ್ಯಕ್ತಿಯ ಹಕ್ಕುಸ್ವಾಮ್ಯ ಇಲ್ಲದಿರಬಹುದು, ಹಾಗೆಂದು ಅದು ವಾರಸುದಾರರಿಲ್ಲದ ಸೊತ್ತಲ್ಲ. ಯಾವ ಊರಿನಲ್ಲಿ, ಯಾರಿಂದ ಕಲಿತಿರಿ ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಪುಸ್ತಕದ ಚಿತ್ರ ನೋಡಿ ಮಾಡಿದ್ದಾದರೆ ಪೋರ್ಟ್‌ಫೋಲಿಯೊ ಕಳುಹಿಸುವ ಮುಂಚೆ ಒಮ್ಮೆ ಬರೆಯುವವರ ಮನೆಗೆ ಹೋಗಿ ಬನ್ನಿ; ಸೊರಬದಲ್ಲಿರುವ ನಿಮಗೆ ಅದು ದೂರದ ಮಾತಲ್ಲ. ನಿಮ್ಮ ಕ್ಯಾಲೆಂಡರನ್ನು ಅವರ ಕೈಗೆ ಕೊಟ್ಟು, ಯಾವ ಆಕೃತಿ ಎಲ್ಲಿ ಬರಬಾರದು, ಯಾವುದು ಮದುವೆಯ ಗೋಡೆಗೆ ಮಾತ್ರ ಸಲ್ಲುವುದು ಎಂದು ಕೇಳಿ. ಅವರು ಹೇಳಿದ ತಿದ್ದುಪಡಿಯನ್ನು ಮಾಡಿ, ತಿದ್ದುವ ಮೊದಲಿನ ಮತ್ತು ಅನಂತರದ ಎರಡೂ ಪುಟಗಳನ್ನು ಅಕ್ಕಪಕ್ಕ ಇಡಿ. ಚೀಲವನ್ನು ಮುಂದೆ ಮಾರಾಟಕ್ಕೆ ತರುವ ಯೋಚನೆಯಿದ್ದರೆ ಬರುವ ಹಣದಲ್ಲಿ ಅವರ ಪಾಲೆಷ್ಟು ಎಂಬುದನ್ನೂ ಅದೇ ಭೇಟಿಯಲ್ಲಿ ಮಾತನಾಡಿ ಬರೆದಿಟ್ಟುಕೊಳ್ಳಿ.